ಆಚೆ ಡಾಕ್ಟರೂ ಮೂಲೆ ಸೀಟೂ

"ಆ ಮನೆಗೆ ಮಗಳನ್ನ ಕರ್ಕೊಂಡು ಹೋದ್ರೆ ಮಗಳು ಒಳಗೆ, ತಾಯಿ ಆಚೆ" ಎಂದು ಬೀದಿಯವರು ಹೇಳುತ್ತಿದ್ದರು. ಇಸ್ತ್ರಿಯವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಹೆತ್ತೋರನ್ನೇ ಹೊರಗೆ ಹಾಕೋ ಡಾಕ್ಟರನ್ನ ನಾನು ಬೇರೆಲ್ಲೂ ನೋಡಿಲ್ಲಪ್ಪ. ಔಷಧಿ ಕಹಿ ಅಂತ ಗೊತ್ತಿತ್ತು, ಡಾಕ್ಟರೂ ಕಹಿ ಅಂತ ಗೊತ್ತಿರ್ಲಿಲ್ಲ" ಎನ್ನುತ್ತಿದ್ದ. ಎದುರುಮನೆಯ ಅಜ್ಜಿಯ ಲೆಕ್ಕಾಚಾರವೇ ಬೇರೆ: "ತನಗೆ ಮಕ್ಕಳಿಲ್ಲ ನೋಡು, ಅದಕ್ಕೇ ಕಂಡೋರ ಮಕ್ಕಳನ್ನ ಹತ್ತು ನಿಮಿಷ ಎರವಲು ತಗೊಳ್ತಾಳೆ." ಹೀಗೆ ಬಾಯಿಗೊಂದು ಮಾತು. ಎಲ್ಲರೂ ಒಪ್ಪಿದ್ದು ಅಡ್ಡಹೆಸರೊಂದನ್ನೇ. ಬೋರ್ಡಿನ ಮೇಲೆ ಏನೇ ಬರೆದಿರಲಿ, ಬೀದಿಗೆಲ್ಲ ಅವರು 'ಆಚೆ ಡಾಕ್ಟರು'. "ಅಮ್ಮ, ನೀವು ಸ್ವಲ್ಪ ಆಚೆ ಕೂತಿರಿ" ಎಂದು ದಿನಕ್ಕೆ ಹತ್ತು ಸಲ ಹೇಳುವವರಿಗೆ ಮತ್ತೇನು ಹೆಸರು ಬಂದೀತು?

ಹಾಗೆ ನೋಡಿದರೆ ಅವರು ಮಕ್ಕಳ ಡಾಕ್ಟರೇ ಅಲ್ಲ, ದೊಡ್ಡವರ ಡಾಕ್ಟರು. ರಕ್ತದೊತ್ತಡ, ಮಂಡಿನೋವು, ಬಿಡದ ಕೆಮ್ಮು, ಎದೆಯುರಿ, ಇವೇ ಅವರ ಬೆಳಗು ಬೈಗು. ಇದ್ದದ್ದು ರೈಲುಡಬ್ಬಿಯಂಥ ಉದ್ದನೆಯ ಬಾಡಿಗೆ ಮನೆ. ಹಿಂದಿನ ಎರಡು ಕೋಣೆಗಳಲ್ಲಿ ಅವರೂ ಅವರ ತಂಗಿಯೂ ವಾಸ. ಮುಂದಿನ ಹಜಾರಕ್ಕೆ ನಡುವೆ ಹಲಗೆ ಹೊಡೆಸಿ ಒಳಗಿನ ಅರ್ಧವನ್ನು ರೋಗಿಗಳನ್ನು ನೋಡುವ ಕೋಣೆ, ಹೊರಗಿನ ಅರ್ಧವನ್ನು ಕಾಯುವ ಜಾಗ ಮಾಡಿಕೊಂಡಿದ್ದರು. ಹಲಗೆಗೆ ಬೆನ್ನು ಕೊಟ್ಟು ಐದು ಜನ ಕೂರುವ ಬೆಂಚು. ಬಾಗಿಲ ಬಳಿ ಮೇಜು ಹಾಕಿಕೊಂಡು ತಂಗಿ ಚೀಟಿ ಕೊಡುತ್ತಿದ್ದಳು, ಫೋನು ಎತ್ತುತ್ತಿದ್ದಳು, ಬಂದವರ ಮನೆಯ ಸುದ್ದಿ ಕೆದಕುತ್ತಿದ್ದಳು. ಅಕ್ಕನಿಗೆ ರೋಗ ಗೊತ್ತಿದ್ದರೆ ತಂಗಿಗೆ ರೋಗಿಯ ಮೂರು ತಲೆಮಾರು ಗೊತ್ತಿರುತ್ತಿತ್ತು.

ಬೀದಿಯ ಆ ಕೊನೆಯಲ್ಲಿ ಮಕ್ಕಳ ಡಾಕ್ಟರೊಬ್ಬರಿದ್ದರು. ಇವರ ಜೊತೆ ಓದಿದ ಗೆಳೆಯ. ಅವರ ಗೋಡೆಯ ತುಂಬ ಆನೆ, ಮೊಲ, ಬಲೂನು. ಹದಿನಾಲ್ಕು ಹದಿನೈದು ದಾಟಿದ ಮಕ್ಕಳು ಆ ಮೊಲಗಳ ಕೆಳಗೆ, ಗಿಡ್ಡ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಮುದುಡಿ ಕೂತು ನಾಚಿಕೆಯಿಂದ ಸಾಯುತ್ತಿದ್ದರು. ಅಂಥವರನ್ನು ಅವರು ಗೆಳತಿಯ ಕಡೆ ಅಟ್ಟುತ್ತಿದ್ದರು. "ನನ್ನ ಕುರ್ಚಿ ಚಿಕ್ಕದಾಯ್ತು, ನಿನ್ನ ಕುರ್ಚಿ ಇನ್ನೂ ದೊಡ್ಡದು. ನಡುವೆ ಬಿದ್ದು ಹೋಗ್ತವೆ ಕಣೇ ಇವು. ನೀನು ಹಿಡ್ಕೊ."

ಹಾಗೆ ಹಿಡಿದುಕೊಂಡವರಲ್ಲಿ ಮೊದಲನೆಯವನು ಹದಿನೈದು ವರ್ಷದ ಒಬ್ಬ ಹುಡುಗ. ಜೊತೆಗೆ ತಾಯಿ. ಎಲ್ಲಿ ನೋವು ಎಂದರೆ ತಾಯಿ ಹೇಳಿದಳು, ಹೊಟ್ಟೆ. ನಿದ್ದೆ ಬರುತ್ತಾ ಎಂದರೆ ತಾಯಿ ಹೇಳಿದಳು, ಎಲ್ಲಿ ಬರುತ್ತೆ. ಡಾಕ್ಟರು ಟಾರ್ಚು ಹಿಡಿದು "ಎಲ್ಲಿ, ನಾಲಿಗೆ ಚಾಚು" ಎಂದಾಗ ಆಯಮ್ಮನೇ ಉದ್ದಕ್ಕೆ ನಾಲಿಗೆ ಚಾಚಿಬಿಟ್ಟಳು. ಹುಡುಗ ನಕ್ಕ. ಡಾಕ್ಟರೂ ನಕ್ಕರು. "ಅಮ್ಮ, ನಿಮ್ಮ ನಾಲಿಗೆ ಚೆನ್ನಾಗಿದೆ. ನೀವು ಸ್ವಲ್ಪ ಆಚೆ ಕೂತಿರಿ" ಎಂದರು. ಬಾಗಿಲು ಮುಚ್ಚಿದ ಎರಡೇ ನಿಮಿಷಕ್ಕೆ ಹೊಟ್ಟೆನೋವು ಹೊಟ್ಟೆಯದಲ್ಲ ಎಂದು ಗೊತ್ತಾಯಿತು. ಅವನ ಎದೆಯ ಒಂದು ಬದಿಯಲ್ಲಿ ಗೋಲಿಯಷ್ಟು ಗಂಟು ಮೂಡಿತ್ತು. ತಾನು ಸಾಯುತ್ತೇನೆಂದು ನಾಲ್ಕು ತಿಂಗಳಿಂದ ಒಬ್ಬನೇ ನಂಬಿಕೊಂಡಿದ್ದ. ಡಾಕ್ಟರು ಮುಟ್ಟಿ ನೋಡಿದರು. "ಇದು ಬೆಳೆಯೋ ವಯಸ್ಸಿನ ಚೇಷ್ಟೆ ಕಣೋ. ಗಂಡುಹುಡುಗರಲ್ಲಿ ಎಷ್ಟೋ ಜನಕ್ಕೆ ಬರುತ್ತೆ, ವರ್ಷ ಎರಡು ವರ್ಷಕ್ಕೆ ಹೋಗುತ್ತೆ. ಆರು ತಿಂಗಳು ಬಿಟ್ಟು ಬಂದು ತೋರ್ಸು." ಆ ಹುಡುಗ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದ.

ಅಂದಿನಿಂದ ಅದೇ ಪದ್ಧತಿಯಾಯಿತು. ಹತ್ತು ನಿಮಿಷ ದೊಡ್ಡವರು ಆಚೆ. ಒಳಗೆ ಡಾಕ್ಟರು ರೋಗದ ತುದಿಯಿಂದ ಮಾತು ತೆಗೆಯುತ್ತಲೇ ಇರಲಿಲ್ಲ. ಚಪ್ಪಲಿಯಿಂದ ಶುರು. "ಬೂಟು ಬಿಗಿಯಾಗ್ತಿದೆಯಾ? ಯಾರು ಆರಿಸಿದ್ದು?" ಆ ವಯಸ್ಸಿನ ಮಕ್ಕಳಿಗೆ ಚಪ್ಪಲಿ ಯಾವಾಗಲೂ ಬಿಗಿಯೇ. ಚಪ್ಪಲಿಯಿಂದ ಮನೆಗೆ, ಮನೆಯಿಂದ ಶಾಲೆಗೆ, ಶಾಲೆಯಿಂದ ಗೆಳೆಯರಿಗೆ, ಅಲ್ಲಿಂದ ಮನಸ್ಸಿನ ಒಳಮನೆಗೆ ಮಾತು ತಾನಾಗಿ ನಡೆದು ಹೋಗುತ್ತಿತ್ತು. ಅದಕ್ಕೂ ಮೊದಲು ಒಂದು ಮಾತು ಕೊಡುತ್ತಿದ್ದರು: "ಇಲ್ಲಿ ಆಡಿದ್ದು ಇಲ್ಲೇ. ಮೂರು ಬಿಟ್ಟು. ನಿನ್ನನ್ನ ನೀನೇ ನೋಯಿಸ್ಕೊಳ್ತಿದ್ರೆ, ಬೇರೆ ಯಾರಾದ್ರೂ ನೋಯಿಸ್ತಿದ್ರೆ, ಜೀವಕ್ಕೆ ಅಪಾಯ ಇದ್ರೆ ನಾನು ಹೇಳಲೇಬೇಕು. ಆಗಲೂ ಮೊದಲು ನಿನಗೆ ಹೇಳೇ ಹೇಳ್ತೀನಿ."

ಈ ಮಾತನ್ನು ಅವರು ಮೂವತ್ತೊಂದು ವರ್ಷ ಕೊಟ್ಟರು. ಅದರ ಬಗ್ಗೆ ಅವರಿಗೆ ಸಣ್ಣದೊಂದು ಜಂಬವೂ ಇತ್ತು, ಸುಳ್ಳು ಯಾಕೆ ಹೇಳಬೇಕು? ಮಕ್ಕಳ ಡಾಕ್ಟರು ಹೊಸ ಕಟ್ಟಡ ಕಟ್ಟಿಸಿ, "ಬಾ, ಒಂದು ಕಡೆ ನಾನು, ಇನ್ನೊಂದು ಕಡೆ ನೀನು. ಮೇಲೆ ಇರೋಕೆ ಮನೆಯೂ ಇದೆ" ಎಂದು ವರ್ಷವರ್ಷ ಕರೆದರೂ, "ನಿನ್ನ ಗಾಜಿನ ಬಾಗಿಲು ಯಾರಿಗೆ ಬೇಕು? ನನ್ನ ಕೋಣೆಯಿಂದ ಇವತ್ತಿಗೂ ಒಂದು ಮಾತು ಹೊರಗೆ ಹೋಗಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಹೀಗಿರುವಾಗ ದರ್ಜಿಯಮ್ಮನ ಮಗಳು ಬಂದಳು.

ದರ್ಜಿಯಮ್ಮ ಮುಂದಿನ ಬೀದಿಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವವಳು. ಗಂಡನಿಲ್ಲ, ಇವಳೊಬ್ಬಳೇ ಮಗಳು. ಒಂಬತ್ತನೆಯ ವಯಸ್ಸಿನಿಂದ ಹುಡುಗಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ನಾಲ್ಕು ಇನ್ಸುಲಿನ್ ಚುಚ್ಚು. ಈಗ ಹದಿನಾರು ತುಂಬಿ ಮೊಲದ ಗೋಡೆಯಿಂದ ಈ ಕಡೆ ದಾಟಿದ್ದಳು. ಡಾಕ್ಟರು ಅವಳ ಪುಸ್ತಕ ತೆರೆದರು. ದಿನಕ್ಕೆ ನಾಲ್ಕು ಸಲ ನೋಡಿದ ರಕ್ತದ ಸಕ್ಕರೆ, ಮುತ್ತು ಪೋಣಿಸಿದಂಥ ಅಕ್ಷರ. ನೂರಹತ್ತು, ನೂರಿಪ್ಪತ್ತು, ನೂರಹದಿನೈದು. ಪಕ್ಕದಲ್ಲೇ ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆಯ ಕಾಗದ. ಅದು ಬೇರೆ ಯಾವುದೋ ಹುಡುಗಿಯದೇನೋ ಎನ್ನುವಷ್ಟು ಕೆಟ್ಟಿತ್ತು.

ತಾಯಿಯನ್ನು ಆಚೆ ಕಳಿಸಿ, ಬೂಟಿನ ಮಾತು ಮುಗಿಸಿ, ಡಾಕ್ಟರು ಪುಸ್ತಕ ಮೇಲೆತ್ತಿದರು. "ಕಥೆ ತುಂಬಾ ಚೆನ್ನಾಗಿದೆ. ಬರೆದೋರು ಯಾರು?"

ಹುಡುಗಿ "ನಾನೇ" ಎಂದಳು.

"ಒಂದೇ ಸಲ ಕೂತು ಬರೆದ್ಯಾ? ಮೂರು ತಿಂಗಳು, ಒಂದೇ ಪೆನ್ನು, ಒಂದು ಚೂರು ಮಸಿ ಚೆಲ್ಲಿಲ್ಲ."

"ಶಾಲೆಯಿಂದ ಬಸ್ಸಲ್ಲಿ ಬರ್ತಾ ಬರ್ದೆ. ನಿನ್ನೆ."

"ಬಸ್ಸಲ್ಲಾ! ಇಷ್ಟು ದುಂಡಗೆ? ನಾನು ಮೇಜಿನ ಮೇಲೆ ಬರೆದ್ರೂ ಔಷಧಿ ಅಂಗಡಿಯೋರು ಓದೋಕಾಗದೆ ಫೋನು ಮಾಡ್ತಾರೆ."

ಅಲ್ಲಿಗೆ ಹುಡುಗಿಯ ಬಿಗಿ ಸಡಿಲವಾಯಿತು. ಮಧ್ಯಾಹ್ನದ ಚುಚ್ಚನ್ನು ಅವಳು ಶಾಲೆಯ ಶೌಚಾಲಯದಲ್ಲಿ ತೆಗೆದುಕೊಳ್ಳುತ್ತಿದ್ದಳು. ಚಿಲಕ ಮುರಿದಿತ್ತು. ಒಂದು ದಿನ ಯಾರೋ ಸಹಪಾಠಿ ಬಾಗಿಲು ತಳ್ಳಿ, ಅಂಗಿ ಎತ್ತಿಕೊಂಡು ಸೂಜಿ ಹಿಡಿದು ನಿಂತವಳನ್ನು ಕಂಡು ಚೀರಿದಳು. ಅಲ್ಲಿಂದ ಮಧ್ಯಾಹ್ನದ ಡೋಸಿಗೆ ರಜೆ. ತಾಯಿಗೆ ಹೇಳಿಲ್ಲ. "ಹೇಳಿದ್ರೆ ಅಮ್ಮ ಶಾಲೆಗೇ ಬರ್ತಾಳೆ. ಅಮ್ಮ ಬಂದ್ರೆ ಮುಗೀತು ನನ್ ಕಥೆ."

ಡಾಕ್ಟರು ಯೋಚಿಸಿದರು. ಅಪಾಯ ಇದೆ, ಆದರೆ ಇನ್ನೂ ಕೈಮೀರಿಲ್ಲ. "ಶಾಲೆಯಲ್ಲಿ ನಿನಗೆ ಹೆದರಿಕೆ ಇಲ್ಲದೋರು ಯಾರಿದ್ದಾರೆ?" ಎಂದು ಕೇಳಿದರು. ಲೈಬ್ರರಿ ಟೀಚರ್ ಎಂದಳು. ನಾಳೆಯೇ ಅವರನ್ನು ಕೇಳಿ ಲೈಬ್ರರಿಯಲ್ಲಿ ಐದು ನಿಮಿಷ ಜಾಗ ಗಿಟ್ಟಿಸುವುದು, ಮೂರು ದಿನಕ್ಕೊಮ್ಮೆ ನಿಜವಾದ ಅಂಕಿ ತಂದು ತೋರಿಸುವುದು, ಹದಿನೈದು ದಿನದಲ್ಲಿ ಸರಿಹೋಗದಿದ್ದರೆ ಇಬ್ಬರೂ ಕೂಡಿ ಅಮ್ಮನಿಗೆ ಹೇಳುವುದು ಎಂದು ಒಪ್ಪಂದವಾಯಿತು. "ಅಲ್ಲಿವರೆಗೂ ಇಲ್ಲಿ ಆಡಿದ್ದು ಇಲ್ಲೇ." ಹುಡುಗಿ ಹಗುರಾಗಿ ಎದ್ದು ಹೋದಳು.

ಮೂರನೆಯ ದಿನ ಮಧ್ಯಾಹ್ನ ಅವಳು ಬಂದದ್ದು ಬಿರುಗಾಳಿಯಂತೆ. ಕೂರಲಿಲ್ಲ. ಬಾಗಿಲಲ್ಲೇ ನಿಂತು, "ಹೇಳಿಬಿಟ್ರಿ ಅಲ್ವಾ?" ಎಂದಳು.

"ಏನನ್ನ ಮಗಳೇ?"

"ಅಮ್ಮ ನಿನ್ನೆ ಶಾಲೆಗೆ ಬಂದ್ಳು. ಕೈಯಲ್ಲಿ ಹೊಸ ಚಿಲಕ, ಸ್ಕ್ರೂಡ್ರೈವರ್ರು. ಎಲ್ಲರ ಮುಂದೆ ತಾನೇ ಕೂರಿಸಿದ್ಳು. ಕೂರಿಸ್ತಾ ಕೂರಿಸ್ತಾ ನನ್ನ ಕಾಯಿಲೆ, ಸೂಜಿ, ಎಲ್ಲಾ ಇಡೀ ತರಗತಿಗೆ ಪಾಠ ಮಾಡಿದ್ಳು. ನಾನು ಹೇಳಿದ್ದು ನಿಮಗೊಬ್ಬರಿಗೆ. ಅಮ್ಮನ ಬಾಯಲ್ಲಿ ನನ್ನ ಮಾತು ಹಾಗ್ಹಾಗೇ ಬಂತು!"

"ನಾನು ಹೇಳಿಲ್ಲ."

"ಹಾಗಾದ್ರೆ ಗೋಡೆ ಹೇಳ್ತಾ?" ಎಂದು ಹೊರಟೇ ಹೋದಳು.

ಡಾಕ್ಟರು ಕುರ್ಚಿಯಿಂದೆದ್ದು ಚೀಟಿಯ ಮೇಜಿನ ಮುಂದೆ ಹೋಗಿ ನಿಂತರು. "ನೀನೇನಾದ್ರೂ ಬಾಯಿಬಿಟ್ಯಾ?" ಎಂದರೆ ತಂಗಿ ಚೀಟಿಗಳನ್ನು ಜೋಡಿಸಿದಳು, ಮತ್ತೆ ಕಲೆಸಿದಳು, ಮತ್ತೆ ಜೋಡಿಸಿದಳು. ಡಾಕ್ಟರು ಚೀಲ ಹಿಡಿದು ನೇರ ದರ್ಜಿ ಅಂಗಡಿಗೇ ನಡೆದರು.

ದರ್ಜಿಯಮ್ಮ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಕಾಲರಿಗೆ ಚುಚ್ಚುತ್ತ ಹೇಳಿದಳು: "ನೀವೇನೂ ಹೇಳಿಲ್ಲ ಡಾಕ್ಟ್ರೇ. ಪಾಪ, ನಿಮ್ಮ ತಪ್ಪೇನಿದೆ? ನನಗೆ ಅವತ್ತು ರೇಡಿಯೋ ಸೀಟು ಸಿಕ್ಕಿತ್ತು."

"ಯಾವ ರೇಡಿಯೋ?"

ದರ್ಜಿಯಮ್ಮನ ಕೈ ನಿಂತಿತು. "ಅಯ್ಯೋ, ನಿಮಗೆ ಗೊತ್ತಿಲ್ವಾ?"

ಗೊತ್ತಿಲ್ಲದವರು ಅವರೊಬ್ಬರೇ! ಬೆಂಚಿನ ಮೂಲೆಯ ಸೀಟು, ಹಲಗೆಯ ಕೀಲು ಬಿಟ್ಟ ಜಾಗ. ಅಲ್ಲಿ ಕೂತು ತಲೆ ಹಿಂದಕ್ಕೆ ಒರಗಿಸಿದರೆ ಒಳಗಿನ ಮಾತೆಲ್ಲ ಕಿವಿಗೆ ಬಂದು ಬೀಳುತ್ತಿತ್ತು. ಬೀದಿಯ ತಾಯಂದಿರೆಲ್ಲ ಅದಕ್ಕೆ ರೇಡಿಯೋ ಸೀಟು ಎನ್ನುತ್ತಿದ್ದರು. ಮಕ್ಕಳಿಗೆ ಹದಿನಾಲ್ಕು ತುಂಬಿದ ಕೂಡಲೆ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳುತ್ತಿದ್ದರು, "ಆಚೆ ಹೋಗಿ ಅಂದ್ರೆ ಬೇಜಾರು ಮಾಡ್ಕೋಬೇಡ, ಮೂಲೆ ಹಿಡಿ."

ಡಾಕ್ಟರು ಮನೆಗೆ ಬಂದವರೇ ಬೆಂಚಿನ ಮೂಲೆಯಲ್ಲಿ ಕೂತರು. "ಒಳಗೆ ಹೋಗು" ಎಂದರು ತಂಗಿಗೆ. "ಬಾಗಿಲು ಹಾಕ್ಕೊಂಡು ಮೆಲ್ಲಗೆ ಏನಾದ್ರೂ ಮಾತಾಡು."

ತಂಗಿ ಒಳಗೆ ಹೋದಳು. ಆಮೇಲೆ ಹಲಗೆಯ ಮೂಲಕ ಪಿಸುಮಾತು ಬಂತು: "ಅಕ್ಕನಿಗೆ ಮೂರ್ನಾಲ್ಕು ವರ್ಷದಿಂದ ಕಿವಿ ಸ್ವಲ್ಪ ಮಂದ. ಅದಕ್ಕೇ ಜೋರಾಗಿ ಮಾತಾಡ್ತಾಳೆ, ಮಕ್ಕಳ ಕೈಲೂ ಜೋರಾಗಿ ಮಾತಾಡಿಸ್ತಾಳೆ. ಹೇಳಿದ್ರೆ ಸಿಟ್ಟು. ಮೂಗಿನ ತುದೀಲೇ ಇರುತ್ತಲ್ಲ."

"ನನ್ನ ಮಂದ ಕಿವಿಗೂ ಕೇಳಿಸ್ತು!" ಎಂದರು ಡಾಕ್ಟರು.

ಹೊರಗೆ ಬಂದ ತಂಗಿಯ ಕಣ್ಣಲ್ಲಿ ನೀರು. "ನನಗೆ ಮೊದಲಿಂದಲೂ ಗೊತ್ತಿತ್ತು ಅಕ್ಕ. ತುಂಬಾ ಹೆದರಿರೋ ಅಮ್ಮಂದಿರನ್ನ ನಾನೇ ಅಲ್ಲಿ ಕೂರಿಸ್ತಿದ್ದೆ. ನೀನು ಅವರ ಮುಖ ನೋಡ್ತಿರ್ಲಿಲ್ಲ, ನಾನು ನೋಡ್ತಿದ್ದೆ. ಆ ಎದೆಗಂಟಿನ ಹುಡುಗನ ಅಮ್ಮ ಇಲ್ಲೇ ಕೂತು ಬಾಯಿಗೆ ಬಟ್ಟೆ ತುರುಕ್ಕೊಂಡು ಅತ್ಲು. ಅವನು ಹೊರಗೆ ಬಂದಾಗ ಏನೂ ಗೊತ್ತಿಲ್ಲದೋಳ ಹಾಗೆ 'ಹೊಟ್ಟೆ ಸರಿಹೋಯ್ತೇನೋ' ಅಂದ್ಲು. ಇಷ್ಟು ವರ್ಷದಲ್ಲಿ ಕೇಳಿಸ್ಕೊಂಡಿದ್ದನ್ನ ಒಬ್ಬಳೂ ಬಾಯಿ ಬಿಟ್ಟಿಲ್ಲ. ಈ ಚಿಲಕದೋಳೇ ಮೊದಲು."

"ಅವರೆಲ್ಲ ಒಳ್ಳೇರೇ ಇರಬಹುದು. ನಾನು ಕೊಟ್ಟ ಮಾತು ಸುಳ್ಳಾಯ್ತಲ್ಲ ಕಣೇ."

"ಬಟ್ಟೆ ತುರುಕಿ ಕೀಲು ಮುಚ್ಚೋಣ."

ಬಡಗಿಯನ್ನು ಕರೆಸಿದ್ದೂ ಆಯಿತು. ಅವನು ಹಲಗೆಯನ್ನು ಬೆರಳಿನಿಂದ ಬಡಿದು, "ಇದು ಗೋಡೆ ಅಲ್ಲ ಅಮ್ಮ, ತಮಟೆ. ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ ಬಾರಿಸುತ್ತೆ" ಎಂದು ಹೇಳಿ ಹೋದ.

ಆದರೆ ಡಾಕ್ಟರ ಎದೆಯಲ್ಲಿ ಕೂತಿದ್ದು ಹಲಗೆಯಲ್ಲ, ಆ ಹುಡುಗಿ. ಅವಳು ಬರಲಿಲ್ಲ. ನಾಲ್ಕು ದಿನ ಕಾದರು. ಐದನೆಯ ದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಎದುರು ಹೋಗಿ ನಿಂತರು. ಹುಡುಗಿ ಕಂಡಳು, ತಿರುಗಿ ನಡೆದಳು. ಡಾಕ್ಟರು ಬೆನ್ನು ಹತ್ತಿದರು. ಅರವತ್ತೆಂಟರ ಮಂಡಿ, ಹದಿನಾರರ ಕಾಲು. ಶಾಲೆಯ ಪಕ್ಕದ ಆಟದ ಮೈದಾನದ ಮುಕ್ಕಾಲು ಸುತ್ತು ಆಗುವಷ್ಟರಲ್ಲಿ ಡಾಕ್ಟರು ಏದುಸಿರು ಬಿಡುತ್ತ ಕಲ್ಲುಬೆಂಚಿನ ಮೇಲೆ ಕುಸಿದು ಕೂತರು. ಹುಡುಗಿ ತಿರುಗಿ ನೋಡಿ, ಬೈದುಕೊಳ್ಳುತ್ತಲೇ ವಾಪಸು ಬಂದು ನೀರಿನ ಬಾಟಲಿ ಚಾಚಿದಳು.

"ಎದೆ ನೋವಾ?"

"ಇಲ್ಲ. ತಪ್ಪು ಒಪ್ಕೊಳ್ಳೋಕೆ ಬಂದಿದ್ದೆ, ಉಸಿರೇ ಸಾಲ್ತಿಲ್ಲ."

ಎಲ್ಲವನ್ನೂ ಹೇಳಿದರು. ಮೂಲೆ ಸೀಟು, ಹಲಗೆ, ತಮ್ಮ ಕಿವಿ. ನೆಪ ಹೇಳಲಿಲ್ಲ. "ಗೊತ್ತಿಲ್ದೇ ಆಯ್ತು ನಿಜ. ಆದ್ರೆ ಮಾತು ಕೊಡೋ ಮುಂಚೆ ಒಂದು ಸಲವಾದ್ರೂ ಆ ಕಡೆ ಹೋಗಿ ಕೂತು ನೋಡ್ಬೇಕಿತ್ತು. ನೋಡಲಿಲ್ಲ. ತಪ್ಪು ನನ್ನದು."

ಹುಡುಗಿ ಬಹಳ ಹೊತ್ತು ಕಾಲಲ್ಲಿ ಮಣ್ಣು ಕೆರೆದಳು. "ಅವತ್ತು ಬೆಂಚಲ್ಲಿ ಎಷ್ಟು ಜನ ಇದ್ರು?"

"ನಾಲ್ಕು."

"ಒಬ್ರು ಕೆಮ್ಮೋ ತಾತ. ಅವರಿಗೆ ಅವರ ಕೆಮ್ಮು ಬಿಟ್ರೆ ಬೇರೇನೂ ಕೇಳ್ಸಿರಲ್ಲ" ಎಂದಳು. ತುಟಿಯ ಕೊನೆ ಸ್ವಲ್ಪ ಅಲುಗಿತು. ಆಮೇಲೆ ಮಣ್ಣನ್ನೇ ನೋಡುತ್ತ, "ಎರಡು ದಿನದಿಂದ ರಾತ್ರೀದೂ ತಗೊಂಡಿಲ್ಲ. ಬಚ್ಚಲಿಗೆ ಹೋಗಿ ಸಿಂಕಿಗೆ ಹಾಕ್ತಿದ್ದೀನಿ. ಸಿಟ್ಟಿಗೆ" ಎಂದಳು.

ಡಾಕ್ಟರ ಆಯಾಸವೆಲ್ಲ ಹಾರಿಹೋಯಿತು. ವಾಂತಿ ಇದೆಯಾ, ಹೊಟ್ಟೆನೋವು ಇದೆಯಾ, ಉಸಿರು ಹೇಗಿದೆ ಎಂದು ಕೇಳುತ್ತಲೇ ಚೀಲದಿಂದ ಮಾಪಕ ತೆಗೆದರು. ಸಕ್ಕರೆ ಮುನ್ನೂರ ಹನ್ನೆರಡು. ಇನ್ನೊಂದು ಹನಿ ರಕ್ತ ತೆಗೆದು, ಇನ್ಸುಲಿನ್ ಇಲ್ಲದಾಗ ರಕ್ತದಲ್ಲಿ ಏರುವ ಆಮ್ಲ ಎಷ್ಟಿದೆ ಎಂದೂ ನೋಡಿದರು. ಅದು ಈಗಷ್ಟೇ ತಲೆಯೆತ್ತುತ್ತಿತ್ತು. ಇನ್ನೊಂದು ದಿನ ಬಿಟ್ಟಿದ್ದರೆ ಆಸ್ಪತ್ರೆಯ ಹಾಸಿಗೆಯೇ.

"ಇನ್ಸುಲಿನ್ ಇದೆಯಾ?"

"ಬ್ಯಾಗಲ್ಲಿದೆ. ಆದ್ರೆ ಇಲ್ಲಿ..." ಮೈದಾನದ ತುಂಬ ಜನ.

"ಇಲ್ಲೇ."

ಹುಡುಗಿ ಹಲ್ಲು ಕಚ್ಚಿ ಅಂಗಿಯ ಅಂಚು ಎರಡು ಬೆರಳಷ್ಟು ಸರಿಸಿ ಚುಚ್ಚಿಕೊಂಡಳು. ಹತ್ತರವರೆಗೆ ಎಣಿಸಿ ಸೂಜಿ ತೆಗೆದು ತಲೆಯೆತ್ತಿದಳು. ಚೆಂಡಾಡುವವರು ಚೆಂಡನ್ನೇ ನೋಡುತ್ತಿದ್ದರು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಹೆಂಗಸು ನಾಯಿಯನ್ನು ಗದರುತ್ತಿದ್ದಳು. "ಯಾರೂ ನೋಡ್ಲೇ ಇಲ್ಲ!" ಎಂದಳು, ಅದರಿಂದ ಸ್ವಲ್ಪ ಬೇಸರವೇ ಆದವಳಂತೆ.

"ಈಗ ಕೇಳು. ಮೂರು ಬಿಟ್ಟು ಅಂದಿದ್ನಲ್ಲ, ಇದು ಅದರಲ್ಲಿ ಒಂದು. ಸಿಂಕಿನ ವಿಷಯ ಅಮ್ಮನಿಗೆ ಹೇಳಲೇಬೇಕು. ನಿನಗೆ ಮೊದಲು ಹೇಳ್ತಿದ್ದೀನಿ."

"ನಾನೇ ಹೇಳ್ತೀನಿ" ಎಂದಳು ಹುಡುಗಿ. "ನೀವು ಪಕ್ಕದಲ್ಲಿರಿ."

ದರ್ಜಿಯಮ್ಮ ಕತ್ತರಿ ಕೆಳಗಿಟ್ಟು ಪೂರ್ತಿ ಕೇಳಿದಳು. ಬೈಗುಳ ಬರುತ್ತದೆಂದು ಇಬ್ಬರೂ ತಲೆ ತಗ್ಗಿಸಿ ಕಾದರು. "ಏನೇ, ಆ ಸಿಂಕಿಗೂ ಸಕ್ಕರೆ ಕಾಯಿಲೆ ಬಂದಿದೆಯೇನೇ?" ಎಂದಳು. ಮಗಳು ಕಿಸಕ್ಕನೆ ನಕ್ಕು, ಆಮೇಲೆ ಅಮ್ಮನ ಹೆಗಲಿಗೆ ಮುಖ ಒತ್ತಿ ಅತ್ತಳು. ಅಳುವಿನ ನಡುವೆಯೇ, "ಇನ್ಮೇಲೆ ನನ್ನ ಕೇಳದೆ ಶಾಲೆಗೆ ಬರ್ಬೇಡ" ಎಂದಳು. "ಬರಲ್ಲ. ಹೆತ್ತ ಹೊಟ್ಟೆ ಉರಿಯುತ್ತಲ್ಲ, ಅದನ್ನ ಎಲ್ಲಿ ಇಟ್ಕೊಳ್ಲಿ?" ಎಂದಳು ತಾಯಿ. "ಅದಕ್ಕೂ ಹತ್ತು ನಿಮಿಷ ಕೊಡ್ತೀನಿ, ನೀವೊಬ್ಬರೇ ಬನ್ನಿ" ಎಂದರು ಡಾಕ್ಟರು. "ಬಂದಿದ್ದು ಇವಳಿಗೆ ಗೊತ್ತಿರಬೇಕು, ಅಷ್ಟೇ."

ಆ ರಾತ್ರಿಯೂ ಮರುದಿನವೂ ಗಂಟೆಗಂಟೆಗೆ ಫೋನಿನಲ್ಲಿ ಅಂಕಿ ಕೇಳಿದರು. ಸಕ್ಕರೆ ಇಳಿಯಿತು, ಆಮ್ಲವೂ ಇಳಿಯಿತು. ಆದರೆ ಮುಂದೆ ತೋರಿಸಲು ಯಾವಾಗ ಬರುತ್ತೀ ಎಂದದ್ದಕ್ಕೆ ಹುಡುಗಿ, "ಆ ರೂಮಿಗೆ ಮಾತ್ರ ಬರಲ್ಲ. ಬೇರೆ ಡಾಕ್ಟರ ಹತ್ರಾನೂ ಹೋಗಲ್ಲ" ಎಂದಳು. ಅಂದರೆ ಯಾರ ಬಳಿಗೂ ಇಲ್ಲ. ಡಾಕ್ಟರು ಎದ್ದು ಮಕ್ಕಳ ಡಾಕ್ಟರಿಗೆ ಫೋನು ಮಾಡಿದರು.

"ನಿನ್ನ ಆ ಕೋಣೆ ಇನ್ನೂ ಖಾಲಿ ಇದೆಯೇನೋ?"

"ಹನ್ನೊಂದು ವರ್ಷದಿಂದ ಇದೆ ತಾಯಿ. ಇವತ್ತೇನು, ಸೂರ್ಯ ಎಲ್ಲಿ ಹುಟ್ಟಿದ?"

ಅದೇ ದಿನ ಹೋಗಿ ನೋಡಿದರು. ಗಾಜಿನ ಬಾಗಿಲು ಬೀದಿಯ ಕಡೆಗೆ ಮಾತ್ರ; ಕೋಣೆಗೆ ಇಟ್ಟಿಗೆಯ ಗೋಡೆ, ದಪ್ಪ ಮರದ ಬಾಗಿಲು. ಅದಕ್ಕೂ ಸಮಾಧಾನವಿಲ್ಲ. ಗೆಳೆಯನನ್ನು ಒಳಗೆ ಕೂಡಿಹಾಕಿ ಕಿರುಚಲು ಹೇಳಿ, ತಂಗಿಯನ್ನು ಹೊರಗಿನ ಎಂಟೂ ಕುರ್ಚಿಗಳಲ್ಲಿ ಒಂದೊಂದಾಗಿ ಕೂರಿಸಿದರು. ಯಾಕೆಂದರೆ ಕಿವಿಯ ವಿಷಯದಲ್ಲಿ ಅವರಿಗೆ ಈಗ ತಮ್ಮ ಮೇಲೆ ನಂಬಿಕೆ ಇರಲಿಲ್ಲ. ಕಾಲು ಗಂಟೆಯ ಮೇಲೆ ಮಕ್ಕಳ ಡಾಕ್ಟರು ಬೆವರುತ್ತ ಹೊರಬಂದು, "ನಿನ್ನ ಬಗ್ಗೆ ಕಾಲೇಜಿನ ದಿನದಿಂದ ಹೇಳಬೇಕು ಅನ್ಕೊಂಡಿದ್ದೆಲ್ಲ ಹೇಳ್ದೆ. ಕೇಳಿಸ್ತಾ?" ಎಂದರು. ತಂಗಿ ಇಲ್ಲವೆಂದು ತಲೆಯಾಡಿಸಿದಳು. "ಛೇ, ಎಂಥಾ ನಷ್ಟ!" ಎಂದರು ಅವರು. ಮಾರನೆಯ ದಿನ ಡಾಕ್ಟರು ಕಿವಿಗೆ ಯಂತ್ರವನ್ನೂ ಹಾಕಿಸಿಕೊಂಡರು. ದರ್ಜಿ ಅಂಗಡಿಗೆ ಹೊಸ ವಿಳಾಸದ ಚೀಟಿ ಕಳಿಸಿದರು, ಅದರಲ್ಲಿ ಮತ್ತೇನೂ ಬರೆಯಲಿಲ್ಲ.

ಸೋಮವಾರ ಫೋನು ಬಂತು. ತಾಯಿಯಲ್ಲ, ಹುಡುಗಿಯೇ. "ಬುಧವಾರ ನಾಲ್ಕಕ್ಕೆ. ಮೊದಲು ನಾನು ಆಚೆ ಕೂತು ಕೇಳಿಸ್ಕೊಂಡು ನೋಡ್ತೀನಿ. ಆಮೇಲೆ ಒಳಗೆ ಬರೋದು ಬಿಡೋದು ನನ್ನಿಷ್ಟ" ಎಂದು ಹೇಳಿ ಇಟ್ಟಳು.

ಬುಧವಾರ ಮಧ್ಯಾಹ್ನದೊಳಗೆ ಸಾಮಾನೆಲ್ಲ ಗಾಡಿಯಲ್ಲಿ ಹೋಯಿತು. ಬಡಗಿ ಹಲಗೆಯನ್ನೂ ಕಿತ್ತಿದ್ದ. ಹಜಾರ ಈಗ ತಟ್ಟನೆ ದೊಡ್ಡದಾಗಿ, ಬೆಳಕು ಒಳಗೋಡೆಯವರೆಗೂ ಬಿದ್ದಿತ್ತು. ತಂಗಿ ಒಂದೊಂದು ಕೋಣೆಗೂ ಹೋಗಿ ಗೋಡೆ ಸವರಿ, ಮೂಗು ಸೀಟಿ, ಮುಂದಿನ ಕೋಣೆಗೆ ನಡೆಯುತ್ತಿದ್ದಳು. "ಅಕ್ಕ, ಮೂವತ್ತೊಂದು ವರ್ಷ ಕಣೇ. ಒಂದ್ಸಲ ಒಳಗೆ ಬಂದು ನೋಡಬಾರ್ದಾ?"

ಡಾಕ್ಟರು ಆಗಲೇ ಹೊಸ್ತಿಲ ಬಳಿ ಚೀಲ ಹಿಡಿದು ನಿಂತಿದ್ದರು. "ಮೂರೂ ಮುಕ್ಕಾಲು ಆಯ್ತು. ಅವಳು ಬಂದಾಗ ಕೋಣೆ ಖಾಲಿ ಇದ್ರೆ?"

"ಬಂದೇ ಬರ್ತಾಳೆ ಅಂತ ಅಷ್ಟು ಖಾತ್ರಿನಾ ನಿನಗೆ?"

"ಇಲ್ಲ. ಅದಕ್ಕೇ ಅವಸರ" ಎಂದು ಕೀಲಿಯನ್ನು ತಂಗಿಯ ಕೈಗೆ ಹಾಕಿ, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು, ಬಿಸಿಲಿಗೆ ಚೀಲವನ್ನೇ ತಲೆಯ ಮೇಲಿಟ್ಟುಕೊಂಡು ಬೀದಿಯ ಆ ಕೊನೆಗೆ ಬಿರಬಿರನೆ ನಡೆದರು.